ಹೆಗಲ ಮೇಲಿನ ಹೊಳೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ನಾನು ನಮ್ಮ ಡ್ರಾಯಿಂಗ್ ಮೇಷ್ಟ್ರ ಕೈ ನಡುಕವನ್ನು ಅಣಕ ಮಾಡಿ ತೋರಿಸುತ್ತಿದ್ದೆ. ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಟೀ ನನ್ನ ಅಂಗಿಯ ಮೇಲೆ, ಉಳಿದದ್ದು ಪಕ್ಕದವನ ಪಂಚೆಯ ಮೇಲೆ. ನಗು ಜೋರಾಗಿತ್ತು. ಇದ್ದಕ್ಕಿದ್ದಂತೆ ನಿಂತಿತು. ಮಿಮಿಕ್ರಿ ಮಾಡುವವನಿಗೆ ನಗು ಹಾಗೆ ನಿಂತರೆ ಅರ್ಥ ಒಂದೇ: ಅಸಲಿ ಆಸಾಮಿ ಬೆನ್ನ ಹಿಂದೆ ಇದ್ದಾನೆ.

ತಿರುಗಿ ನೋಡಿದೆ. ಮೇಷ್ಟ್ರು ನಿಂತಿದ್ದರು. ಕಾಲಿಗೆ ಬೀಳೋಣ ಎಂದರೆ ಕೆಳಗೆಲ್ಲ ಟೀ.

"ಕೈ ಪರವಾಗಿಲ್ಲ ಕಣ್ಲಾ," ಅಂದರು. "ಮೊಣಕೈ ತಪ್ಪು. ನಂದು ಮೊಣಕೈಯಿಂದ ಶುರುವಾಯ್ತದೆ. ನೀನು ಬರೀ ಬೆರಳು ಅಲ್ಲಾಡಿಸ್ತಿದ್ದೀಯ. ಐಸ್ಕೂಲಲ್ಲೂ ಇದೇ ಬುದ್ಧಿ. ಸರ್ಯಾಗಿ ನೋಡ್ದೆ ಬರ್ಯೋದು."

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ.

"ನನ್ನ ಕೈ ಅಷ್ಟು ಚೆನ್ನಾಗಿ ಬತ್ತದೆ ಅಂದ್ರೆ ಒಂದು ಕೆಲ್ಸ ಅದೆ. ನಾಳೆ ಮನೆತಕೆ ಬಾ."

ನಾನು ಹೊಟ್ಟೆಪಾಡಿಗೆ ಅಂಗಡಿ ಷಟರ್, ಶಾಲೆಯ ಗೋಡೆ, ಆಟೋ ಹಿಂಭಾಗ ಬರೆಯುವವನು. ಆರ್ಕೆಸ್ಟ್ರಾ ಇದ್ದರೆ ಹಾಡುಗಳ ಮಧ್ಯೆ ಮೈಕ್ ಹಿಡಿದು ರಾಜಕಾರಣಿಗಳ ದನಿ ತೆಗೆಯುತ್ತೇನೆ. ಮೇಷ್ಟ್ರು ರಿಟೈರ್ಡ್. ಅವರ ಮನೆಯ ಪಡಸಾಲೆಯಲ್ಲಿ ನಾಲ್ಕಡಿ ಅಗಲದ ಕ್ಯಾನ್ವಾಸು ಬಿಗಿದು ಬಿಳಿ ಬಳಿದು ನಿಲ್ಲಿಸಿತ್ತು. ಮೇಷ್ಟ್ರ ಹಳೆಯ ಶಿಷ್ಯ ರೇಷ್ಮೆ ಸಾಹುಕಾರರು ಯಳಂದೂರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದರು. ಗಲ್ಲಾ ಹಿಂದಿನ ಗೋಡೆಗೆ ಹೊಳೆಯ ಚಿತ್ರ ಬೇಕು, ಅದೂ ಆಯಿಲ್ ಪೇಂಟಿಂಗು, ಅದೂ ಇಂಪ್ರೆಷನಿಸ್ಟ್ ಶೈಲಿಯಲ್ಲಿ. ಆ ಪದ ಅವರಿಗೆ ಗೊತ್ತಿರಲಿಲ್ಲ. ಯಾವುದೋ ಹೋಟೆಲಿನಲ್ಲಿ ನೋಡಿದ್ದರಂತೆ: "ಅತ್ರ ನಿಂತ್ರೆ ಬರೀ ಬಣ್ಣದ ತುಣುಕು, ದೂರ ಓದ್ರೆ ನೀರು. ಅಂಥದ್ದು. ನಿಮ್ಮ ಕೈಯಿಂದಲೇ ಆಗ್ಬೇಕು ಮೇಷ್ಟ್ರೇ."

ಮೇಷ್ಟ್ರು ಒಪ್ಪಿಕೊಂಡುಬಿಟ್ಟಿದ್ದರು. ಒಪ್ಪಿಕೊಂಡ ಮೇಲೆ ಕುಂಚ ಹಿಡಿದು ನೋಡಿದ್ದರು.

"ಇದು ಆದ್ರೆ ಆಯ್ತು," ಎಂದು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಆಗ್ನಿಲ್ಲ ಅಂದ್ರೆ ಕುಂಚ ಮುಟ್ಟಕ್ಕಿಲ್ಲ ಇನ್ನ. ಪೆಟ್ಟಿಗೆ ನೀನೇ ತಕಂಡೋಗು."

ಆ ಪೆಟ್ಟಿಗೆಯನ್ನು ನಾನು ಹೈಸ್ಕೂಲಿನಿಂದ ಬಲ್ಲೆ. ತೇಗದ ಪೆಟ್ಟಿಗೆ, ಹಿತ್ತಾಳೆಯ ಚಿಲಕ, ಒಳಗೆ ಸಾಲಾಗಿ ಮಲಗಿದ ಹಂದಿಕೂದಲಿನ ಚಪ್ಪಟೆ ಕುಂಚಗಳು. ಮೇಷ್ಟ್ರು ಸೋತರೆ ನನಗೆ ಪೆಟ್ಟಿಗೆ, ಗೆದ್ದರೆ ನನಗೇನೂ ಇಲ್ಲ. ಇಂಥ ಕರಾರಿಗೆ ಸಹಾಯಕ್ಕೆ ನಿಲ್ಲುವವನು ಎಷ್ಟು ನಿಯತ್ತಿನವನಾಗಿರಬೇಕು ನೀವೇ ಯೋಚಿಸಿ. ನಾನು ಅಷ್ಟು ನಿಯತ್ತಿನವನಲ್ಲ. ಆದರೂ ನಿಂತೆ.

ಮೊದಲ ಪ್ರಯತ್ನ ಪಡಸಾಲೆಯಲ್ಲೇ ನಡೆಯಿತು. ಮೊಬೈಲಿನಲ್ಲಿ ಹೊಳೆಯ ಫೋಟೋ ಇಟ್ಟುಕೊಂಡು, ಮೇಷ್ಟ್ರ ಹಳೆಯ ಚಿತ್ರಗಳನ್ನು ಗೋಡೆಗೆ ಒರಗಿಸಿ, ಅವರ ಕುಂಚದ ನಡಿಗೆಯನ್ನು ಎತ್ತಿ ಎತ್ತಿ ಇಟ್ಟೆ. ಅವರು ಮರದ ಎಲೆಗೆ ಎಡದಿಂದ ಬಲಕ್ಕೆ ಕುಟ್ಟುತ್ತಾರೆ. ಆಕಾಶವನ್ನು ಅಂಗೈಯಲ್ಲಿ ಒರೆಸುತ್ತಾರೆ. ಎಲ್ಲ ನನಗೆ ಬಾಯಿಪಾಠ. ಸಂಜೆಗೆ ಮುಗಿಸಿ, ಅವರದೇ ದನಿಯಲ್ಲಿ "ಏನ್ಲಾ, ಎಂಗದೆ?" ಅಂದೆ.

ಮೇಷ್ಟ್ರು ಹತ್ತಿರ ಬಂದು ನೋಡಿದರು. ಹಿಂದೆ ಸರಿದು ನೋಡಿದರು.

"ನಾನೇ ಬರ್ದಂಗದೆ," ಅಂದರು.

ಖುಷಿಯಾಯಿತು.

"ಸತ್ತೋದ್ಮೇಲೆ."

ಅವರು ಹೇಳಿದ್ದು ಸರಿ ಇತ್ತು, ಅದೇ ಸಂಕಟ. ಮರ ಮರದಂತೆ, ದೋಣಿ ದೋಣಿಯಂತೆ ಇತ್ತು. ನೀರು ಮಾತ್ರ ಸಿಮೆಂಟು. ಹಸಿರಿಗೆ ಕೆಂಪು, ಕೆಂಪಿಗೆ ನೀಲಿ ಕಲಸಿ ಕಲಸಿ ಪ್ಯಾಲೆಟ್ಟಿನ ಮೇಲೆಯೇ ಬಣ್ಣ ರಾಡಿಯಾಗಿತ್ತು. ಮೇಷ್ಟ್ರು ಚಪ್ಪಟೆ ಚಾಕು ಕೊಟ್ಟರು. ಹಸಿ ಬಣ್ಣವನ್ನೆಲ್ಲ ಕೆರೆದು ಹಳೇ ಪೇಪರಿಗೆ ಒರೆಸಿದೆ. ನನ್ನ ಒಂದು ದಿನದ ಜಾಣತನ ಪೇಪರಿನಲ್ಲಿ ಮುದುರಿ ಕಸದ ಬುಟ್ಟಿಗೆ ಹೋಯಿತು.

"ಒಳೆ ತಾವ್ಕೇ ಓಗ್ಬೇಕು," ಅಂದರು ಮೇಷ್ಟ್ರು. "ಫೋಟೋದಾಗೆ ನೀರು ನಿಂತಿರ್ತದೆ. ನಿಂತಿರೋದ್ನ ನೋಡಿ ಓಡೋದ್ನ ಬರ್ಯಕ್ಕಾಯ್ತದಾ?"

ಕೊಳ್ಳೇಗಾಲದಿಂದ ಹನೂರು, ಅಲ್ಲಿಂದ ಬೆಟ್ಟ ಹತ್ತಿ ಇಳಿದು ಪಾಲಾರ್, ಅಲ್ಲಿಂದ ಗೋಪಿನಾಥಂ. ಬಸ್ಸಿನ ತುಂಬ ಜನ, ಜನರ ಮಧ್ಯೆ ನಾಲ್ಕಡಿ ಕ್ಯಾನ್ವಾಸು. ಹೊರಡುವ ಮೊದಲು ಮೇಷ್ಟ್ರು ಅದಕ್ಕೆ ಸುಟ್ಟ ಮಣ್ಣಿನ ಕೆಂಪನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬಳಿಸಿದ್ದರು. ಬಿಳಿ ಹಾಳೆಯ ಮೇಲೆ ಹಾಕಿದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ, ಕೆಂಪು ಅಡಿಪಾಯ ಇದ್ದರೆ ನೀಲಿ ತಾನೇ ಎದ್ದು ನಿಲ್ಲುತ್ತದೆ ಅನ್ನುವುದು ಅವರ ಲೆಕ್ಕ. ಹನೂರಿನಲ್ಲಿ ಹತ್ತಿದ ಒಬ್ಬ ಯಜಮಾನ ಅದಕ್ಕೆ ಒರಗಿ ನಿದ್ದೆ ಹೋದ. ಎದ್ದಾಗ ಅವನ ಬಿಳಿ ಅಂಗಿಯ ತೋಳು ಕೆಂಪಗಿತ್ತು. "ಅಯ್ಯಯ್ಯೋ ರಕ್ತ!" ಎಂದು ಕೂಗಿಕೊಂಡ. ನಾನು ತಕ್ಷಣ ಡಾಕ್ಟರ ದನಿ ತೆಗೆದು "ಗಾಬರಿ ಬೇಡ, ಬೆಟ್ಟ ಇಳಿದ ಮೇಲೆ ಸರಿಹೋಗುತ್ತೆ" ಅಂದೆ. ಕಂಡಕ್ಟರು ನಮ್ಮನ್ನು ನಡುದಾರಿಯಲ್ಲಿ ಇಳಿಸದೇ ಇದ್ದದ್ದು ಮೇಷ್ಟ್ರ ಬಿಳಿ ಕೂದಲಿನ ಪುಣ್ಯ.

ಗೋಪಿನಾಥಂನಲ್ಲಿ ಮೇಷ್ಟ್ರಿಗೆ ಪರಿಚಯದ ಮನೆಯ ಜಗುಲಿ ಸಿಕ್ಕಿತು. ಬೆಳಗಾದರೆ ಹೊಳೆ ದಂಡೆ. ಅಲ್ಲಿ ಮೀನು ಹಿಡಿಯುವ ಅಕ್ಕನೊಬ್ಬಳ ಹರಿಗೋಲು ಕಣ್ಣಿಗೆ ಬಿತ್ತು. ಆ ಕಡೆಯವರು ಅದನ್ನು ಪರಿಸಲು ಅನ್ನುತ್ತಾರೆ. ಹೊರಗೆ ಟಾರು ಬಳಿದು ಕರ್ರಗೆ, ಒಳಗೆ ಯಾವುದೋ ಚುನಾವಣೆಯ ಹಳೇ ಫ್ಲೆಕ್ಸು ಹೊದಿಸಿ ಗಟ್ಟಿ ಮಾಡಿದ್ದರು. ಒಬ್ಬ ನಾಯಕರು ಪರಿಸಲಿನ ತಳದಿಂದ ಕೈ ಮುಗಿದುಕೊಂಡು ಮೀನುಗಳಿಗೆ ನಮಸ್ಕಾರ ಹೇಳುತ್ತಿದ್ದರು.

ಅಕ್ಕ ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಜೋರು. ಪರಿಸಲನ್ನು ಸ್ವಲ್ಪ ಹೊತ್ತು ಅಲ್ಲೇ ಬಿಡಕ್ಕ, ಬರೆಯಬೇಕು ಎಂದು ನಾನು ಕೇಳಿದಾಗ ಸೊಂಟದ ಮೇಲೆ ಕೈ ಇಟ್ಟಳು.

"ಪಡ ಬರ್ಯಕ್ಕೆ ಪರಿಸಲು ನಿಲ್ಸಬೇಕಾ? ಮೀನುಗೆ ಯಾರು ಯೋಳ್ತಾರೆ ತಂಬಿ, ನೀನಾ?"

ನಾನು ಮೀನಿನ ಕಡೆ ತಿರುಗಿ, ಫ್ಲೆಕ್ಸಿನ ನಾಯಕರ ದನಿಯಲ್ಲಿ, "ನನ್ನ ಪ್ರೀತಿಯ ಮತ್ಸ್ಯ ಬಾಂಧವರೇ, ಅರ್ಧ ಗಂಟೆ ಸಹಕರಿಸಬೇಕು" ಅಂದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ಪರಿಸಲು ಹತ್ತಿ ಹೊರಟೇಹೋದಳು.

ಅಂದಿನಿಂದ ನಮ್ಮ ಪಾಡು ಹೀಗೆ. ಬೆಳಗಿನ ಬಿಸಿಲು ಆಚೆ ದಡದ ಗುಡ್ಡವನ್ನು ಮುಟ್ಟಿದಾಗ ಶುರು, ನೀರು ಕನ್ನಡಿಯಾಗಿ ಕಣ್ಣು ಕುಕ್ಕುವಾಗ ನಿಲುಗಡೆ. ಆ ನಡುವಿನ ಹೊತ್ತು ಮಾತ್ರ ನಮ್ಮದು. ಅಷ್ಟರೊಳಗೆ ಪರಿಸಲು ಬರುವುದು, ಹೋಗುವುದು, ತಿರುಗುವುದು. ಮೋಡ ಬಂದರೆ ನೀಲಿ ಹೋಗಿ ಬೂದಿ. ಗಾಳಿ ಬಂದರೆ ಕ್ಯಾನ್ವಾಸು ಗಾಳಿಪಟದ ಹಾಗೆ ಏಳುವುದು. ಕಲ್ಲು ಕಟ್ಟಿ ನಿಲ್ಲಿಸಿದರೆ ಹಸಿ ಬಣ್ಣಕ್ಕೆ ನೊಣ ಅಂಟುವುದು. ಒಂದು ಬೆಳಿಗ್ಗೆ ಎದ್ದು ಬಂದರೆ ನೀರು ಏರಿ, ಹಿಂದಿನ ದಿನ ಬರೆದ ಬಂಡೆಯೇ ಇರಲಿಲ್ಲ. ಬಂಡೆ ಅಳಿಸಬೇಕೋ ಹೊಳೆ ಇಳಿಯುವವರೆಗೆ ಕಾಯಬೇಕೋ ತಿಳಿಯದೆ ನಾನು ದಂಡೆಯ ಉದ್ದಕ್ಕೂ ಶತಪಥ ಹಾಕಿದೆ.

"ಒಂದು ಕಡೆ ನಿಂತ್ಕೊಳ್ಲಾ," ಎಂದು ಮೇಷ್ಟ್ರು ಗದರಿದರು. "ಒಳೆ ಓಡೋದು ಸಾಲ್ದು ಅಂತ ನೀನೂ ಓಡ್ತಿದ್ದೀಯ."

ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವೇ ಇರಲಿಲ್ಲ. ನೆರಳಿಗೆ ನೇರಳೆ, ನೇರಳೆಯ ಪಕ್ಕ ಹಳದಿ. ಟಾರಿನ ಪರಿಸಲಿಗೆ ಗಾಢ ನೀಲಿ ಮತ್ತು ಸುಟ್ಟ ಮಣ್ಣು. ಅಕ್ಕ ಹಿಂದೆ ಬಂದು ನಿಂತು ನೋಡಿ ಬಾಯಿ ಬಡಿದುಕೊಂಡಳು. "ಐಯೋ, ನನ್ನ ಕರೀ ಪರಿಸಲ್ಗೆ ನೀಲಿ ಬಳೀತಾವ್ನಲ್ಲ! ಲೀಡರು ಎಲ್ಲಿ ಓದ್ರು?"

"ಅವ್ರು ಈ ಚುಕ್ಕೆ," ಎಂದು ಮೇಷ್ಟ್ರು ಒಂದು ಕಿತ್ತಳೆ ತುಣುಕು ತೋರಿಸಿದರು. "ಅಷ್ಟು ದೂರ್ದಿಂದ ಅವರು ಅಷ್ಟೇ ಕಾಣೋದು."

"ಅತ್ರದಿಂದಾನೂ ಅಷ್ಟೇ ಸಾ," ಅಂದಳು ಅಕ್ಕ.

ಗುಡ್ಡ ಬಂತು, ಮರ ಬಂತು, ಪರಿಸಲೂ ಬಂತು. ನೀರು ಬರಲಿಲ್ಲ. ಮೇಷ್ಟ್ರು ಬಣ್ಣ ಹೇಳುತ್ತಿದ್ದರು, ನಾನು ಹಾಕುತ್ತಿದ್ದೆ. ಅವರು ಹೇಳಿದ ಬಣ್ಣ ನನ್ನ ಕಿವಿಯಿಂದ ಕೈಗೆ ಬರುವಷ್ಟರಲ್ಲಿ ಹೊಳೆಯಲ್ಲಿ ಬೇರೆ ಬಣ್ಣ. ಆತುರಕ್ಕೆ ಮತ್ತೆ ಕಲಸಲು ಶುರು ಮಾಡಿದೆ, ಮತ್ತೆ ರಾಡಿ.

ಆಗ ನನಗೆ ಮಗ್ಗ ನೆನಪಾಯಿತು. ಕೊಳ್ಳೇಗಾಲದಲ್ಲಿ ಹುಟ್ಟಿ, ಅವ್ವ ರೇಷ್ಮೆ ಸುತ್ತುವುದನ್ನು ನೋಡುತ್ತಾ ಬೆಳೆದವನಿಗೆ ಇದು ಇಷ್ಟು ತಡವಾಗಿ ಹೊಳೆದದ್ದು ಏಕೆ ಎಂದು ಕೇಳಬೇಡಿ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಲಾಳಿಯಲ್ಲಿ ಓಡುವ ಎಳೆ ಹೊಕ್ಕು. ಹಾಸಿನ ಎಳೆಗೆ ಹಸಿರು, ಹೊಕ್ಕಿನ ಎಳೆಗೆ ಕೆಂಪು ಹಾಕಿ ನೇಯ್ದರೆ ಸೀರೆ ಮಡಚಿದ ಕಡೆಯೆಲ್ಲ ಬಣ್ಣ ಬದಲಾಗುತ್ತದೆ. ಅದೇ ಎರಡು ಬಣ್ಣ ಒಂದೇ ಹಂಡೆಗೆ ಹಾಕಿ ಅದ್ದಿದರೆ ಸಿಗುವುದು ಕೆಸರು. ಹೊಳೆಯೂ ಹಾಗೇ ಇತ್ತು. ಗುಡ್ಡದ ನೆರಳು ನೀರಿನೊಳಗೆ ಉದ್ದಕ್ಕೆ ಇಳಿದಿತ್ತು, ಅಲೆ ಅಡ್ಡಕ್ಕೆ ಓಡುತ್ತಿತ್ತು.

"ಮೇಷ್ಟ್ರೇ, ಕಲಸೋದು ಬೇಡ. ನೇಯೋಣ," ಅಂದೆ.

ಅವರು ನನ್ನನ್ನೇ ನೋಡಿದರು. ಇದು ಯಾರ ದನಿ ಎಂದು ಹುಡುಕುತ್ತಿದ್ದರೇನೋ.

ಮರುದಿನ ಬೆಳಿಗ್ಗೆ ನೀರಿನ ಜಾಗವನ್ನೆಲ್ಲ ಚಾಕುವಿನಲ್ಲಿ ಕೆರೆದು ಕೆಂಪು ಅಡಿಪಾಯ ತೋರುವಂತೆ ಮಾಡಿದೆ. ಅದರ ಮೇಲೆ ಮೇಲಿಂದ ಕೆಳಕ್ಕೆ ಹಾಸು ಎಳೆದೆ: ಗುಡ್ಡದ ಕಡುಹಸಿರು, ನೇರಳೆ, ಆಕಾಶದ ತಿಳಿನೀಲಿ. ಎಣ್ಣೆ ಕಡಿಮೆ, ತೆಳು ಬಣ್ಣ. ಮೇಲೆ ಬರುವ ಹೊಕ್ಕು ದಪ್ಪ, ಬೆಣ್ಣೆಯಂತಿರಬೇಕು. ಒಂದೊಂದು ತುಣುಕನ್ನೂ ಒಂದೇ ಸಲ ಇಟ್ಟು ಕೈ ತೆಗೆಯಬೇಕು. ಎರಡನೇ ಸಲ ಮುಟ್ಟಿದರೆ ಕೆಳಗಿನ ಬಣ್ಣ ಎದ್ದು ಬಂದು ಕೊಚ್ಚೆ.

ಆ ತುಣುಕುಗಳನ್ನು ನಾನು ಇಡಲು ಹೋದೆ. ನನ್ನ ಕೈಗೆ ಗೊತ್ತಿರುವುದು ಷಟರಿನ ಅಕ್ಷರ. ಎಲ್ಲ ತುಣುಕೂ ಒಂದೇ ಅಳತೆ, ಸಾಲಾಗಿ, ಹೆಂಚು ಹೊದಿಸಿದ ಹಾಗೆ.

"ಕೊಡಿಲ್ಲಿ," ಎಂದು ಮೇಷ್ಟ್ರು ಕುಂಚ ಕಿತ್ತುಕೊಂಡರು.

ಬಿಳಿಗೆ ನಿಂಬೆ ಹಳದಿ ಸೇರಿಸಿ ದಪ್ಪಗೆ ಎತ್ತಿಕೊಂಡರು. ಬೋರ್ಡ್ ಬರೆಯುವವರು ಕೈ ಊರುವ ಕೋಲನ್ನು ಎಡಗೈಯಲ್ಲಿ ಹಿಡಿದು ಅದರ ಮೇಲೆ ಬಲಗೈ ಇಟ್ಟರು. ಎಡಗೈಯೂ ನಡುಗುತ್ತಿತ್ತು. ಕೋಲು ಕ್ಯಾನ್ವಾಸಿನ ಮೇಲೆ ಟಕಟಕ ಬಡಿಯಿತು, ಕುಂಚ ಅಲೆಯನ್ನು ದಾಟಿ ಹೋಗಿ ಪರಿಸಲಿಗೆ ರಪ್ಪನೆ ಹೊಡೆಯಿತು. ಕರೀ ಪರಿಸಲಿನ ಮೇಲೆ ಬಿಳೀ ಪಟ್ಟೆ.

ಮೇಷ್ಟ್ರು ಕುಂಚವನ್ನು ಬಟ್ಟೆಯಲ್ಲಿ ಒರೆಸಿದರು. ಪೆಟ್ಟಿಗೆಯಲ್ಲಿ ಅದರ ಜಾಗದಲ್ಲೇ ಇಟ್ಟರು. ಮುಚ್ಚಳ ಹಾಕಿ, ಹಿತ್ತಾಳೆ ಚಿಲಕ ಹಾಕಲು ಹೋದರು. ಅದೂ ಸಿಗಲಿಲ್ಲ.

"ಆಕ್ಕೊಳ್ಲಾ ಇದ," ಎಂದು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ನಿಂದೇಯ."

ಚಿಲಕದ ಮೇಲೆ ಕೈ ಇಟ್ಟೆ. ಪೆಟ್ಟಿಗೆ ಬೇಕಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹೊತ್ತಿಗೆ ಬಾಯಲ್ಲಿ ಒಂದು ದನಿಯೂ ಇರಲಿಲ್ಲ, ಡಾಕ್ಟರದ್ದೂ ಇಲ್ಲ, ನಾಯಕರದ್ದೂ ಇಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಟೀ ಅಂಗಡಿಯ ಮಾತು ಮಾತ್ರ. ಮೊಣಕೈ ತಪ್ಪು. ನಂದು ಮೊಣಕೈಯಿಂದ ಶುರುವಾಯ್ತದೆ. ಕೋಲು ಹಿಡಿದು ನಾವು ಊರುತ್ತಿದ್ದದ್ದು ಮಣಿಕಟ್ಟನ್ನು. ನಡುಕ ಹುಟ್ಟುವುದು ಅಲ್ಲಲ್ಲ.

ಪೆಟ್ಟಿಗೆ ತೆರೆದೆ. ಕುಂಚ ತೆಗೆದು ಬಣ್ಣ ಎತ್ತಿ ಅವರ ಕೈಗೆ ಕೊಟ್ಟೆ. ಕ್ಯಾನ್ವಾಸಿಗೂ ಅವರಿಗೂ ನಡುವೆ, ಅವರಿಗೆ ಬೆನ್ನು ಹಾಕಿ ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತೆ.

"ಮೊಣಕೈ ನನ್ನ ಎಗಲ ಮೇಲೆ ಊರಿ ಮೇಷ್ಟ್ರೇ."

"ಏನಾಟ್ಲಾ ಇದು?"

"ಆಟ ಅಲ್ಲ. ಊರಿ."

ಕಲ್ಲಿನ ಮೇಲೆ ಕುಳಿತೇ ಮುಂದಕ್ಕೆ ಬಾಗಿ ಊರಿದರು. ನನ್ನ ಎಡಗೈಯನ್ನು ಬಲ ಹೆಗಲಿಗೆ ತಂದು ಆ ಮೊಣಕೈಯನ್ನು ಒತ್ತಿ ಹಿಡಿದೆ. ನಡುಕ ನಿಲ್ಲಲಿಲ್ಲ. ನನ್ನ ಹೆಗಲಿನೊಳಗೆ ಇಳಿಯಿತು. ಅಣಕ ಮಾಡುವಾಗ ನಾನು ಅದನ್ನು ಒಂದೇ ಸಮ ಅಲ್ಲಾಡಿಸುತ್ತಿದ್ದೆ. ಅದು ಹಾಗಿರಲಿಲ್ಲ. ಜೋರಾಗುತ್ತದೆ, ಇಳಿಯುತ್ತದೆ, ಉಸಿರು ಹಿಡಿದಂತೆ ಒಂದು ಗಳಿಗೆ ಸುಮ್ಮನಾಗುತ್ತದೆ, ಮತ್ತೆ ಹೊರಡುತ್ತದೆ. ಮೇಷ್ಟ್ರು ಆ ಗಳಿಗೆಗೆ ಕಾದರು. ಬಂದ ತಕ್ಷಣ ಒಂದು ತುಣುಕು ಇಟ್ಟು ಕೈ ಎತ್ತಿದರು.

ಹಳದಿ ತುಣುಕು ನೇರಳೆಯ ಮೇಲೆ ಕುಳಿತು ಮಿನುಗಿತು. ಅಂಚು ಒಂದಿಷ್ಟು ಸೊಟ್ಟ. ಅಲೆಯ ಅಂಚೂ ಸೊಟ್ಟ.

"ನಡುಕದಿಂದಲೇ ನೀರು ಬಂತು ನೋಡಿ ಮೇಷ್ಟ್ರೇ," ಅಂದೆ, ದೊಡ್ಡ ವಿಮರ್ಶಕನ ಹಾಗೆ.

"ಕತೆ ಕಟ್ಬೇಡ. ನಡುಕ ನಡುಕಾನೇಯ. ಅಲ್ಲಾಡ್ದೆ ಕೂತ್ಕೊ."

ಅದೇ ಕಷ್ಟದ ಕೆಲಸ. ನಾನು ಹುಟ್ಟಿದ ಮೇಲೆ ಅಲ್ಲಾಡದೆ ಕೂತದ್ದು ಆಧಾರ್ ಫೋಟೋಗೆ ಮಾತ್ರ, ಅದರಲ್ಲೂ ಕಣ್ಣು ಮುಚ್ಚಿದ್ದೇನೆ. ಇಲ್ಲಿ ಮೂಗಿನ ಮೇಲೆ ನೊಣ, ಕಾಲಲ್ಲಿ ಜೋಮು, ಬೆನ್ನಿಗೆ ಬಿಸಿಲು. ಕೆರೆದುಕೊಂಡರೆ ಅಲೆ ಹಾಳು. ಸೀನು ಬಂದರೆ "ಮೇಷ್ಟ್ರೇ, ಸೀನು" ಎಂದು ಮೊದಲೇ ಅರ್ಜಿ ಹಾಕಿ, ಅವರು ಕುಂಚ ಎತ್ತಿದ ಮೇಲೆ ಸೀನಬೇಕು. ಬಲೆ ಬಿಡಿಸುತ್ತಿದ್ದ ಅಕ್ಕ ಇದನ್ನು ನೋಡಿ ಕೂಗಿದಳು: "ಎನ್ನ ಸಾ, ಆ ಕೊರಂಗ್ನ, ಕೋತೀನ, ಕೂರಿಸ್ಬುಟ್ರಲ್ಲ! ಮಂತ್ರ ಏನು, ನಮ್ಗೂ ಯೋಳಿ, ನಮ್ಮನೇಲೂ ಒಂದದೆ." ನಗು ಬಂತು. ನಗಲೂ ಅಪ್ಪಣೆ ಇರಲಿಲ್ಲ.

ಎಲ್ಲ ತುಣುಕೂ ಸರಿಯಾಗಿ ಕೂರಲಿಲ್ಲ. ಎಷ್ಟೋ ತುಣುಕುಗಳು ಜಾರಿದವು, ಬಟ್ಟೆಯಲ್ಲಿ ಒರೆಸಿದೆವು. ಒಂದು ಬೆಳಿಗ್ಗೆ ಪೂರ್ತಿ ನಡುಕ ಬಿಡುವೇ ಕೊಡಲಿಲ್ಲ, ಪೆಟ್ಟಿಗೆ ಮುಚ್ಚಿ ಜಗುಲಿಗೆ ಹಿಂತಿರುಗಿದೆವು. ಮರುದಿನ ಮತ್ತೆ ಹಾಸು ನಾನು, ಹೊಕ್ಕು ಅವರು. ಹಾಗೇ ಬಲದಿಂದ ಎಡಕ್ಕೆ ಹೊಳೆ ತುಂಬುತ್ತಾ ಹೋಯಿತು. ಪರಿಸಲಿಗೆ ಬಿದ್ದ ಬಿಳೀ ಪಟ್ಟೆಯನ್ನು ಅಳಿಸಲು ಚಾಕು ತೆಗೆದರೆ ಮೇಷ್ಟ್ರು ಬೇಡವೆಂದರು. ದೂರದಿಂದ ಅದು ಟಾರಿನ ಅಂಚಿಗೆ ಬಿದ್ದ ಬಿಸಿಲಾಗಿತ್ತು. ನಾನು ಕತೆ ಕಟ್ಟಲು ಬಾಯಿ ತೆರೆದೆ, ಅವರು ನೋಡಿದ ರೀತಿಗೆ ಮುಚ್ಚಿಕೊಂಡೆ.

ಕೊನೆಗೆ ಉಳಿದದ್ದು ಸಹಿ. ತುಣುಕಿಗೆ ಒಂದು ಗಳಿಗೆ ಸಾಕು, ಹೆಸರಿಗೆ ಸಾಲದು. ಅಕ್ಷರದಿಂದ ಅಕ್ಷರಕ್ಕೆ ಕೈ ನಡೆಯಬೇಕು. ಮರಳಿನ ಮೇಲೆ ಕಡ್ಡಿಯಲ್ಲಿ ಬರೆದು ನೋಡಿದರು, ಕಾಲಲ್ಲಿ ಅಳಿಸಿದರು.

"ನಾನು ಹಾಕ್ಲಾ? ನಿಮ್ಮ ಸಹಿ ನಂಗೆ ಬತ್ತದೆ," ಅಂದೆ.

"ಬತ್ತದೆ ಅಂತ ಗೊತ್ತು. ನಿನ್ನ ಡ್ರಾಯಿಂಗ್ ರೆಕಾರ್ಡಲ್ಲಿ ನನ್ನ ಸಹಿ ನಂಗಿಂತ ಚೆನ್ನಾಗಿತ್ತು." ಆಮೇಲೆ, "ಬ್ಯಾಡ. ಸುಳ್ಳು ಮೂಲೇಲಿದ್ರೂ ಸುಳ್ಳೇ," ಅಂದರು.

ಮೂಲೆ ಖಾಲಿ ಉಳಿಯಿತು.

ವಾಪಸ್ಸು ಬರುವಾಗ ಕ್ಯಾನ್ವಾಸಿನ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಸಿಕ್ಕಿಸಿ, ಮೇಲೊಂದು ರಟ್ಟು ಕಟ್ಟಿ ತಂದೆವು. ಈ ಸಲ ಯಾರ ತೋಳಿಗೂ ಹೊಳೆ ಅಂಟಲಿಲ್ಲ. ಪೆಟ್ಟಿಗೆ ಮೇಷ್ಟ್ರ ತೊಡೆಯ ಮೇಲಿತ್ತು. ಬಸ್ಸು ಹನೂರು ದಾಟಿತು.

"ಆ ಸಾವ್ಕಾರ ಕೇಳಿದ್ದು ನನ್ನ ಕೈ," ಅಂದರು ಮೇಷ್ಟ್ರು. "ಇದು ನಂದು ಅನ್ನಕ್ಕೆ ಬಾಯಿ ಬರಕ್ಕಿಲ್ಲ. ನಂದಲ್ಲ ಅಂದ್ರೆ ಈ ಪೆಟ್ಟಿಗೆ ನಿಂದಾಯ್ತದೆ, ಅಷ್ಟೆ."

ನಾನು ಕಿಟಕಿಯ ಹೊರಗೆ ನೋಡಿದೆ.

ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗುವವರೆಗೆ ಪಡಸಾಲೆಯಲ್ಲಿಟ್ಟು, ಆಮೇಲೆ ಯಳಂದೂರಿಗೆ ಒಯ್ದೆವು. ಅಂಗಡಿಗೆ ಇನ್ನೂ ಹೊಸ ಸುಣ್ಣದ ವಾಸನೆ. ಕೆಲಸದವರು ಸೀರೆ ಜೋಡಿಸುವುದನ್ನು ಬಿಟ್ಟು ಬಂದು ನಿಂತರು. ರಟ್ಟು ಬಿಚ್ಚಿ ಗೋಡೆಗೆ ಒರಗಿಸಿದೆ. ಸಾಹುಕಾರರು ಬಾಗಿಲವರೆಗೆ ಹಿಂದೆ ಹೋಗಿ ನೋಡಿದರು. "ನೀರು!" ಎಂದು ಒಬ್ಬ ಕೆಲಸದವನು ಪಿಸುಗುಟ್ಟಿದ. ಸಾಹುಕಾರರು ಹತ್ತಿರ ಬಂದರು, ಸೀರೆಯ ಸೆರಗು ಪರೀಕ್ಷಿಸುವ ಹಾಗೆ ತಲೆ ಓರೆ ಮಾಡಿ ಚಿತ್ರದ ಉದ್ದಗಲ ಕಣ್ಣಾಡಿಸಿದರು. ಖಾಲಿ ಮೂಲೆಗೆ ಬಂದು ನಿಂತರು.

"ಬಲು ಚೆನ್ನಾಗದೆ ಮೇಷ್ಟ್ರೇ. ಆದ್ರೆ ನಂದು ನೇಯ್ಗೆ ನೋಡೋ ಕಣ್ಣು. ಇಲ್ಲಿ ಎರಡು ಕೈ ಕಾಣ್ತಾವೆ. ಉದ್ದಕ್ಕೆ ಎಳ್ದಿರೋ ಕೈ ಬ್ಯಾರೆ, ಅಡ್ಡಕ್ಕೆ ಇಟ್ಟಿರೋ ಕೈ ಬ್ಯಾರೆ. ಸಹೀನೂ ಇಲ್ಲ. ನಾ ಕೇಳಿದ್ದು ನಿಮ್ಮ ಚಿತ್ರ. ಯೋಳಿ, ಇದ್ರಲ್ಲಿ ನಿಮ್ದೆಷ್ಟು, ಈ ಬಾಯಾಳೀದೆಷ್ಟು?"

ಪೆಟ್ಟಿಗೆ ನನ್ನ ಕಾಲ ಬುಡದಲ್ಲಿತ್ತು. ಎಲ್ಲ ಮೇಷ್ಟ್ರದ್ದೇ ಎಂದು ಅವರದೇ ದನಿಯಲ್ಲಿ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಲ ಹೆಗಲ ಮೇಲೆ ಗುರುತಿನ ಭಾರವೊಂದು ಬಂದು ಕುಳಿತಿತು. ಕೈಯಲ್ಲಿ ಕುಂಚ ಇರಲಿಲ್ಲ, ಆದರೂ ಮೇಷ್ಟ್ರು ಮೊಣಕೈ ಊರಿದ್ದರು. ನಡುಕ ಬಂತು, ಇಳಿಯಿತು. ಬಿಡುವು ಬರುವವರೆಗೆ ಕಾದು ಮೇಷ್ಟ್ರು ಹೇಳಿದರು:

"ನಿನ್ನ ಅಂಗ್ಡೀಲಿ ಸೀರೆ ತಕಂಡೋರ್ಗೆ ಆಸು ಯಾರ್ದು, ಒಕ್ಕು ಯಾರ್ದು ಅಂತ ಒಂದು ದಿವ್ಸನಾದ್ರೂ ಯೋಳಿದ್ದೀಯೇನ್ಲಾ? ಸುಮ್ಕೆ ಮೊಳೆ ಎಲ್ಲಿ ಒಡೀಬೇಕು ತೋರ್ಸು, ನಾವಿಬ್ರೂ ಬೆಳಿಗ್ಗೆ ಎದ್ದು ಒಳೆ ತಾವ್ಕೆ ಓಗ್ಬೇಕು."